ಆರನೆಯ ಫಾರಂ

ನಮ್ಮ ಬೈಂಡಿಂಗ್ ಶೆಡ್ಡಿನಲ್ಲಿ ಪುಸ್ತಕವನ್ನು ಕಣ್ಣಿನಿಂದ ಜೋಡಿಸುವುದಿಲ್ಲ, ಕಿವಿಯಿಂದ ಜೋಡಿಸುತ್ತೇವೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ.

ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಚಿದರೆ ಹದಿನಾರು ಪುಟದ ಒಂದು ಕಟ್ಟಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತೇವೆ. ಹನ್ನೆರಡು ಫಾರಂ ಒಂದರ ಮೇಲೊಂದು ಸರಿಯಾಗಿ ಕೂತರೆ ಒಂದು ಪುಸ್ತಕ. ಉದ್ದನೆಯ ಮೇಜಿನ ಸುತ್ತ ನಾವು ಆರು ಜನ ಹೆಂಗಸರು. ಒಬ್ಬೊಬ್ಬರ ಮುಂದೂ ಹನ್ನೆರಡು ರಾಶಿ, ಹತ್ತಿರದ ಸಾಲಿನಲ್ಲಿ ಆರು, ಅದರಾಚೆ ಆರು. ಷಟ್ಪದಿಯ ಪದ್ಯಕ್ಕೂ ಆರೇ ಸಾಲು. ಸಾಲು ಶುರುವಾದಾಗ ಕೈ ಹೋಗುತ್ತದೆ, ಸಾಲು ಮುಗಿಯುವಾಗ ಫಾರಂ ಬಂದು ಮಡಿಲಿನ ಹಲಗೆಯ ಮೇಲೆ ಕೂರುತ್ತದೆ. ಎರಡು ಪದ್ಯ ಮುಗಿದರೆ ಒಂದು ಪುಸ್ತಕ ಮುಗಿಯಿತು. ಹನ್ನೊಂದೇ ಫಾರಮಿನ ಪುಸ್ತಕ ಬಂದರೆ ಕೊನೆಯ ಸಾಲಿಗೆ ಆರು ಜನವೂ ಬರಿಗೈಯಲ್ಲಿ ಗಾಳಿ ಎತ್ತಿ ಇಡುತ್ತೇವೆಯೇ ಹೊರತು ಸಾಲನ್ನು ಬಿಡುವುದಿಲ್ಲ. ಪ್ರತಿ ಫಾರಮಿನ ಅಡಿಯಲ್ಲೂ ಇರುವೆಯಷ್ಟು ಗಾತ್ರದ ಒಂದು ಅಂಕಿ ಇರುತ್ತದಂತೆ. ಅದನ್ನು ನೋಡುವ ಪುರುಸೊತ್ತು ಯಾರಿಗಿದೆ?

ಪದ್ಯ ಹೇಳುವವರು ಪದ್ಯದ ಮಾವ. ಹಾಜರಿ ಪುಸ್ತಕದಲ್ಲಿ ಅವರು 'ಸಹಾಯಕ, ಹೊರೆ ಎತ್ತುವುದು ಮತ್ತು ಇಳಿಸುವುದು' ಅಷ್ಟೇ. ಬೆಳಿಗ್ಗೆ ಒಂದು ಗಂಟೆಯಲ್ಲಿ ಎತ್ತಿ ಇಳಿಸುವುದೆಲ್ಲ ಮುಗಿಸಿ, ಮೇಜಿನ ತಲೆಯ ಬಳಿ ಸ್ಟೂಲು ಹತ್ತುತ್ತಿದ್ದರು. ಹತ್ತದೆ ವಿಧಿಯಿಲ್ಲ. ಪಕ್ಕದಲ್ಲೇ ಕಟಿಂಗ್ ಮಿಷನ್, ಅದರ ಗದ್ದಲದ ಮೇಲೆ ದನಿ ಹಾಯಬೇಕು. ಆ ಸ್ಟೂಲಿಗೆ ಮೂರು ಕಾಲು ಸಮ. ನಾಲ್ಕನೆಯದರ ಕೆಳಗೆ ಮಡಿಚಿದ ರಟ್ಟು. ಬೈಂಡಿಂಗ್ ಮನೆಯಲ್ಲಿ ಏನು ಕುಂಟಿದರೂ ರಟ್ಟೇ ಔಷಧಿ.

ಅವರ ಅಜ್ಜ ಅವರಿಗೆ ಬಾಯಿಪಾಠ ಮಾಡಿಸಿದ್ದ ಪದ್ಯವೊಂದು ಹೀಗಿತ್ತು. ನಮ್ಮ ಹತ್ತಿರದ ಸಾಲಿನ ಆರು ರಾಶಿಗೂ ಅದರ ಒಂದೊಂದು ಸಾಲೇ ಹೆಸರು:

ನಡೆವ ಕಾಲಿಗೆ ನೆಲವೆ ಮನೆಯೈ
ದುಡಿವ ಕೈಗಳಿಗನ್ನ ನೀನೈ
ಒಡೆಯ ನಿನ್ನಯ ನೆರಳು ತಲೆಗಿರೆ ಬಿಸಿಲು ತಂಪಾಯ್ತು
ಬಡವನೆನಿಸಿದೊಡೇನು ಚಿಂತೆಯು
ಕೊಡುವ ಕೈಯದು ನಿನ್ನದಿರುವೊಡೆ
ಎಡವಿ ಬಿದ್ದರು ಪಿಡಿದು ನಿಲಿಸುವೆ ಎತ್ತಿ ಕರುಣದಲಿ

ಮೂರನೆಯ ಸಾಲು, ಆರನೆಯ ಸಾಲು ಉದ್ದ. ಉಸಿರು ತುಂಬಿಕೊಂಡು ಹೇಳಬೇಕು. ಮಾವ ಆರನೆಯದಕ್ಕೆ ಬಂದಾಗ ಎರಡೂ ಕೈ ಮೇಲೆತ್ತಿ ತುದಿಗಾಲ ಮೇಲೆ ನಿಲ್ಲುತ್ತಿದ್ದರು. ಹನ್ನೊಂದು ವರ್ಷ ಹಾಗೇ ನಿಂತರು. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಪದ್ಯ ಓದುವುದನ್ನು ಬಾಗಿಲ ಹಿಂದೆ ನಿಂತು ಕೇಳಿ ಬೆಳೆದವಳು. ಆರನೆಯ ಸಾಲು ಬಂದಾಗಲೆಲ್ಲ ಫಾರಂ ಹಿಡಿದ ಕೈಯನ್ನೇ ಎದೆಯ ಮಟ್ಟಕ್ಕೆ ತಂದು ಒಳಗೊಳಗೇ ನಮಸ್ಕಾರ ಮಾಡಿ ಕೆಳಗಿಡುತ್ತಿದ್ದೆ.

ಆ ದಿನ ನಾವು ಜೋಡಿಸುತ್ತಿದ್ದದ್ದು ನೀಲಿ ರಟ್ಟಿನ ಪುಸ್ತಕ, 'ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ನಿಯಮಗಳು'. ಪರಿಹಾರದ ಕಚೇರಿಯವರೇ ತಮ್ಮ ಸಿಬ್ಬಂದಿಗೆಂದು ಮಾಡಿಸುತ್ತಿದ್ದರು. ಇನ್ನು ಉಳಿದದ್ದು ನಲವತ್ತೆರಡು ಪ್ರತಿ, ಅಂದರೆ ಒಬ್ಬೊಬ್ಬರಿಗೆ ಏಳು. ಮಾವ ಕೈ ಮೇಲೆತ್ತಿದರು, ತುದಿಗಾಲಾದರು, "ಎಡವಿ ಬಿದ್ದರು" ಎಂದರು, ಬಿದ್ದೇಬಿಟ್ಟರು. ರಟ್ಟು ಜಾರಿತ್ತು.

ಮೊದಲ ಒಂದು ಗಳಿಗೆ ನಾವೆಲ್ಲ ಅದೂ ಪದ್ಯದ ಅಭಿನಯವೇ ಎಂದುಕೊಂಡೆವು, ದೇವರು ಕ್ಷಮಿಸಲಿ. ದೊಡ್ಡಕ್ಕ ನಕ್ಕೂ ನಕ್ಕಳು. ಅವಳು ನಮ್ಮ ಮೇಜಿನ ಹಿರಿಯಳು, ಅವಳ ನಗುವಿಗೆ ಕಟಿಂಗ್ ಮಿಷನ್ನೂ ಹೆದರಬೇಕು. ಆಮೇಲೆ ಅವರ ಮೊಣಕಾಲ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿದ್ದು ಕಂಡಿತು.

ಆಂಬುಲೆನ್ಸ್ ಹೋದ ಮೇಲೆ ಯಜಮಾನರು ಬಂದು, "ಸಂಜೆ ಗಾಡಿ ಬರತ್ತೆ, ಉಳಿದದ್ದು ಮುಗಿಸಿಬಿಡ್ರಮ್ಮ" ಎಂದರು. ಕೂತೆವು. ಆರೂ ಜನರ ಹಲಗೆಯ ಮೇಲೆ ಐದೈದು ಫಾರಂ ಹಾಗೇ ಇತ್ತು. ದೊಡ್ಡಕ್ಕನ ಸೊಸೆ, ಅವಳ ಪಕ್ಕದಲ್ಲೇ ಕೂರುವವಳು, "ಎಲ್ಲಿದ್ವಿ?" ಎಂದಳು.

"ಐದರಲ್ಲಿ" ಎಂದಳು ದೊಡ್ಡಕ್ಕ. "ಐದರಿಂದ ಹಿಡಿ."

ಐದನೆಯ ಸಾಲು ಹೇಳಿದೆವು, ಐದನೆಯ ಫಾರಂ ಇನ್ನೊಮ್ಮೆ ಬಂದು ಕೂತಿತು. ಮುಂದೆ? ಮುಂದಿನ ಸಾಲು ಯಾರ ಬಾಯಿಂದಲೂ ಹೊರಡಲಿಲ್ಲ. ಮಾವನನ್ನು ಕೆಡವಿದ ಸಾಲು ಅದು. ಸೊಸೆ ಗಂಟಲು ಸರಿಮಾಡಿಕೊಂಡಳು, ದೊಡ್ಡಕ್ಕ ಸೆರಗು ಸರಿಮಾಡಿಕೊಂಡಳು, ನಾನು ಕಣ್ಣು ಮುಚ್ಚಿಕೊಂಡೆ. ಕಡೆಗೆ ಎಲ್ಲರೂ ಸೀದಾ ಎರಡನೆಯ ಪದ್ಯಕ್ಕೆ ಹಾರಿದೆವು. ಏಳು ಪುಸ್ತಕಕ್ಕೂ ಹೀಗೇ, ಆರು ಸಾಲಿನ ತಾಳ ತಪ್ಪದಿರಲೆಂದು ಐದನೆಯದು ಎರಡು ಸಲ, ಆರನೆಯದು ಇಲ್ಲವೇ ಇಲ್ಲ. ಲೆಕ್ಕಕ್ಕೆ ಹನ್ನೆರಡು ಫಾರಂ ಸರಿಯಾಗಿಯೇ ಇತ್ತು, ಪುಸ್ತಕದ ದಪ್ಪವೂ ಸರಿಯಾಗಿಯೇ ಇತ್ತು. ಅಚ್ಚಿನವರು ಪ್ರತಿ ಫಾರಮಿಗೂ ಐವತ್ತು ಹೆಚ್ಚಿಗೆ ಕೊಟ್ಟಿರುತ್ತಾರೆ, ಹರಿದು ಹಾಳಾದರೆ ಇರಲಿ ಎಂದು. ಅದರಿಂದ ಐದನೆಯದು ಸಾಲದೆ ಬರಲೂ ಇಲ್ಲ.

ಗುಡಿಸುವ ಪಾಳಿ ನನ್ನದು. ಎಲ್ಲರೂ ಹೋದ ಮೇಲೆ ಮಿಕ್ಕ ರಾಶಿಗಳನ್ನು ಒಟ್ಟುಗೂಡಿಸಿ ನೋಡಿದೆ. ಉಳಿದ ರಾಶಿಗಳೆಲ್ಲ ಗೇಣುದ್ದ ಇದ್ದರೆ ಆರನೆಯದು ಎರಡು ಗೇಣು, ಐದನೆಯದು ಬೆರಳೆಣಿಕೆಯಷ್ಟು. ಗಾಡಿ ಆಗಲೇ ಹೋಗಿತ್ತು. ಹಾಳು ಮಾಡಿದ ಪುಸ್ತಕಕ್ಕೆ ಯಜಮಾನರು ಸಂಬಳದಲ್ಲಿ ಹಿಡಿಯುತ್ತಾರೆ. ಆರನೆಯ ಫಾರಮುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಗೋಂದಿನ ಡ್ರಮ್ಮಿನ ಹಿಂದೆ ಇಟ್ಟು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಬಾಯಿಗೆ ಬೀಗ ಹಾಕುವುದು ಕಷ್ಟದ ಕೆಲಸವೇನಲ್ಲ, ಅದು ಮೊದಲೇ ಅರ್ಧ ಮುಚ್ಚಿದ ಬಾಗಿಲು.

ಮರುದಿನ ಆಸ್ಪತ್ರೆಗೆ ಹೋದೆವು. ಮಾವ ಕಾಲನ್ನು ತೂಗುಹಾಕಿಸಿಕೊಂಡು ಮಲಗಿದ್ದರು. ನಮ್ಮನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು.

"ಸಾಲು ಮುಗಿಸಿದ್ರಾ?"

"ಮುಗಿಸಿದ್ವಿ" ಎಂದಳು ದೊಡ್ಡಕ್ಕ, ರೆಪ್ಪೆ ಅಲುಗಿಸದೆ.

"ಅರ್ಧಕ್ಕೆ ಬಿಟ್ರೆ ಒಳ್ಳೇದಲ್ಲ ನೋಡು, ಅದಕ್ಕೇ ಕೇಳಿದೆ."

"ಮುಗಿಸಿದ್ವಿ ಅಂದ್ನಲ್ಲ ಅಣ್ಣಾ. ನೀನು ಬಿದ್ದಷ್ಟು ಚೆನ್ನಾಗಿ ಹೇಳಕ್ಕೆ ಬರಲಿಲ್ಲ, ಅಷ್ಟೇ."

ವೈದ್ಯರು ಹೇಳಿದ್ದು ನಗುವ ಮಾತಲ್ಲ. ಮೂಳೆ ಎರಡು ಕಡೆ ಮುರಿದಿತ್ತು. ಸದ್ಯಕ್ಕೆ ಕೂಡಿಸಿದ್ದರು. ಇನ್ನೊಂದು ಆಪರೇಷನ್ ಮಾಡಿ ಒಳಗೆ ಸರಳು ಕೂರಿಸದಿದ್ದರೆ ಕಾಲು ಸೊಟ್ಟಗೇ ಅಂಟಿಕೊಳ್ಳುತ್ತದೆ. ಆಮೇಲೆ ಸ್ಟೂಲಿರಲಿ, ಮೆಟ್ಟಿಲನ್ನೂ ಹತ್ತುವ ಹಾಗಿಲ್ಲ. ಅದನ್ನೂ ಮೂರು ತಿಂಗಳೊಳಗೆ ಮಾಡಬೇಕು. ಅದರ ಖರ್ಚು ಮಾವನ ಮನೆಯ ಹೆಂಚು ಮಾರಿದರೂ ಹುಟ್ಟುವಂಥದ್ದಲ್ಲ. ಕೆಲಸದಲ್ಲಿ ಆದ ಗಾಯ ಎಂದು ಪರಿಹಾರದ ಕಚೇರಿಯವರು ಒಪ್ಪಿದರೆ ಎಲ್ಲವನ್ನೂ ಅವರೇ ಕೊಡುತ್ತಾರೆ. ಒಪ್ಪದಿದ್ದರೆ ಕಾಲು ಸೊಟ್ಟ.

ಒಪ್ಪದ ಹಾಗೆ ಮಾಡಿದವರು ಯಜಮಾನರು. ಕೆಟ್ಟವರೇನಲ್ಲ, ಆದರೆ ಹೆದರುಪುಕ್ಕಲು. ಕೆಲಸದ ಗಾಯವೆಂದು ಬರೆದರೆ ಸ್ಟೂಲಿನ ಕಾಲನ್ನೂ ರಟ್ಟನ್ನೂ ಕೇಳುತ್ತಾರೆಂದು ಹೆದರಿ, ವರದಿಯಲ್ಲಿ ಹೀಗೆ ಗೀಚಿದ್ದರು: 'ನೌಕರನು ಸ್ವಂತ ಸಂತೋಷಕ್ಕಾಗಿ ಸ್ಟೂಲನ್ನೇರಿ ಹಾಡುತ್ತಿದ್ದಾಗ ಬಿದ್ದಿರುತ್ತಾನೆ.'

ಸುದ್ದಿ ತಂದ ಸೊಸೆ, "ಹನ್ನೊಂದು ವರ್ಷದ ಸಂತೋಷ. ಅಷ್ಟು ಸಂತೋಷ ಇರೋ ಮನುಷ್ಯನ್ನ ನಾನು ನೋಡೇ ಇಲ್ಲ" ಎಂದಳು.

ಎರಡು ತಿಂಗಳಾದ ಮೇಲೆ ತನಿಖೆಯವರು ಬಂದರು. ಕಚೇರಿಯ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಕಂಕುಳಲ್ಲಿ ನೀಲಿ ಪುಸ್ತಕ. ನಾವು ಜೋಡಿಸಿದ ಪುಸ್ತಕವನ್ನು ದೂರದಿಂದಲೇ ಗುರುತು ಹಿಡಿಯಬಹುದು, ತಾನು ಹೊಲಿದ ರವಿಕೆಯನ್ನು ದರ್ಜಿ ಬೀದಿಯಲ್ಲಿ ಗುರುತು ಹಿಡಿಯುವ ಹಾಗೆ. ಆದರೆ ಆ ನಲವತ್ತೆರಡರಲ್ಲಿ ಇದೂ ಒಂದೋ ಅಲ್ಲವೋ ಹೇಗೆ ಗೊತ್ತಾಗಬೇಕು?

ಅಂದು ಶಾಲೆಯ ಪುಸ್ತಕದ ಅವಸರದ ಕೆಲಸವಿತ್ತು. ಮಾವ ಆಸ್ಪತ್ರೆ ಸೇರಿದ ಮೇಲೆ ಸೊಸೆಯೇ ಪದ್ಯ ಹೇಳುತ್ತಿದ್ದಳು, ಮೇಜಿನ ಬಳಿ ಕೂತೇ, ಸಣ್ಣ ದನಿಯಲ್ಲಿ. ಆರನೆಯ ಸಾಲು ಬಂದಾಗ ಬರೀ "ಆರು" ಎನ್ನುತ್ತಿದ್ದಳು. ಯಜಮಾನರು ತನಿಖೆಯವರಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ತಾವು ನಿಂತೇ ಇದ್ದರು.

ತನಿಖೆಯವರು ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾದರೆ ಜಗಳವಾಡಬಹುದು. "ನೋಡೀಮ್ಮ, ನನಗೂ ಪಾಪ ಅನ್ನಿಸತ್ತೆ" ಎಂದರು ದೊಡ್ಡಕ್ಕನಿಗೆ. "ಅವರ ಕೆಲಸ ಹೊರೆ ಎತ್ತೋದು. ಹೊರೆ ಎತ್ತುವಾಗ ಬಿದ್ದಿದ್ರೆ ನಾನೇ ಇವತ್ತೇ ಸಹಿ ಹಾಕ್ತಿದ್ದೆ."

"ಎತ್ತುತಾನೇ ಇದ್ರು ಸಾರ್. ಎರಡೂ ಕೈ ಮೇಲಕ್ಕೆತ್ತಿದ್ರು."

"ಬರಿಗೈನಾ?"

"ಆರು ಜನರ ಕೈಗೂ ಅವರೇ ಹೊರೆ ಎತ್ತಿ ಕೊಡ್ತಿದ್ದದ್ದು, ಬಾಯಿಂದ."

ತನಿಖೆಯವರು ಮುಗುಳ್ನಕ್ಕು ಪುಸ್ತಕ ಬಿಚ್ಚಿದರು. "ನಿಯಮ ಮೂವತ್ತೊಂದು" ಎಂದು ಗಟ್ಟಿಯಾಗಿ ಓದಿದರು. "ನೌಕರನು ತನಗೆ ವಹಿಸಿದ ಕೆಲಸವಲ್ಲದ ಹಾಡು, ಆಟ, ವಿನೋದ ಮುಂತಾದವುಗಳಲ್ಲಿ ತೊಡಗಿರುವಾಗ ಆದ ಗಾಯಕ್ಕೆ ಪರಿಹಾರವು ದೊರೆಯತಕ್ಕದ್ದಲ್ಲ. ಆದರೆ..." ಅಲ್ಲಿಗೆ ಪುಟ ಮುಗಿದಿತ್ತು. ಎದುರು ಪುಟ ನೋಡಿದರು. ಹುಬ್ಬು ಗಂಟಾಯಿತು. ಮತ್ತೆ ಹಿಂದಿನ ಪುಟ ನೋಡಿ, "ಅಷ್ಟೇ" ಎಂದು ಮುಚ್ಚಿಬಿಟ್ಟರು.

ಬೇರೆಯವರಿಗೆ ಏನು ಕೇಳಿಸಿತೋ, ನನ್ನ ಮೈಯೆಲ್ಲ ಕಿವಿಯಾಗಿತ್ತು. ಐದು ಸಾಲಿಗೇ ನಿಂತುಹೋದ ಪದ್ಯದ ಹಾಗಿತ್ತು ಆ ಓದು. ಉದ್ದದ ಸಾಲು ಬರಬೇಕಾಗಿತ್ತು, ಬರಲಿಲ್ಲ. ಅದು ಎಲ್ಲಿದೆಯೆಂದು ಆ ಶೆಡ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಗೋಂದು ತರ್ತೀನಿ" ಎಂದು ಎದ್ದೆ. ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಗೋಣಿಚೀಲದಿಂದ ಒಂದು ಫಾರಂ ಎಳೆದು, ಮೊದಲ ಪುಟ ಓದಿದೆ. ಎರಡು ಸಲ ಓದಿದೆ. ದೇವರೇ, ಎರಡು ತಿಂಗಳಿಂದ ಮಾವನ ಕಾಲನ್ನು ನಾನು ಚೀಲದಲ್ಲಿ ಕಟ್ಟಿಟ್ಟಿದ್ದೆ.

ಗೋಂದಿನ ಡಬ್ಬಿ ಹಿಡಿದು ಬಂದು ದೊಡ್ಡಕ್ಕನ ಕಿವಿಯಲ್ಲಿ ಎಲ್ಲ ಹೇಳಿದೆ. ಚೀಲದ ವಿಷಯ, ನಲವತ್ತೆರಡು ಪುಸ್ತಕದ ವಿಷಯ, ಎಂಬತ್ತೊಂದನೆಯ ಪುಟದಲ್ಲಿ ಬರೆದಿರುವ ವಿಷಯ. ಅವಳು ನನ್ನನ್ನು ಬೈಯಲಿಲ್ಲ. ತುಟಿ ಮಾತ್ರ ಒಂದು ಪಕ್ಕಕ್ಕೆ ಹೋಯಿತು. ಅದು ಹಾಗೆ ಹೋದರೆ ಯಾರಿಗೋ ಕಾದಿದೆ ಎಂದರ್ಥ.

"ಈಗಲೇ ತೋರಿಸ್ಬೇಡ" ಎಂದಳು ಪಿಸುದನಿಯಲ್ಲಿ. "ಇದನ್ನ ಓದಿ ಕೇಳಿದ ಮೇಲೆ ಯಜಮಾನ್ರು 'ಪದ್ಯನಾ, ನಂಗೆ ಗೊತ್ತೇ ಇರಲಿಲ್ಲ' ಅಂತಾರೆ. ಮೊದಲು ಅವರ ಬಾಯಿಂದಲೇ ಬರಲಿ." ಆಮೇಲೆ ಸೊಸೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, "ಸಾಹೇಬ್ರು ಹೇಳಿದ್ದು ಕೇಳಿದ್ಯೇನೇ? ಹಾಡೋದು ನಮ್ಮ ಕೆಲಸ ಅಲ್ವಂತೆ. ಸುಮ್ನಿರು. ಎಲ್ಲರೂ ಅಂಕಿ ನೋಡ್ಕೊಂಡು ಮಾಡ್ರೇ" ಎಂದಳು.

ಮಾಡಿದೆವು. ಬಾಯಿ ಬಿಡದೆ, ಒಂದೊಂದೇ ಫಾರಂ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಇರುವೆಯಷ್ಟು ಅಂಕಿಯನ್ನು ಹುಡುಕಿ, ಪಕ್ಕದವಳಿಗೆ ತೋರಿಸಿ, "ಇದು ಮೂರಾ, ಎಂಟಾ?" ಎಂದು ಕೇಳಿ, ಹೌದೆಂದ ಮೇಲೆ ಇಟ್ಟೆವು. ಸೊಸೆ ಕನ್ನಡಕ ತರಿಸಲೇ ಎಂದು ಕೇಳಿದಳು, ಅವಳಿಗೆ ಕಣ್ಣು ಹದ್ದಿನ ಕಣ್ಣು. ತನಿಖೆಯವರು ಚಹಾ ಹೀರುತ್ತಾ ಏನೋ ಬರೆಯುತ್ತಿದ್ದರು. ಯಜಮಾನರು ಒಮ್ಮೆ ಗಡಿಯಾರ ನೋಡಿದರು. ಒಮ್ಮೆ ಮೇಜು ನೋಡಿದರು. ಬಾಗಿಲಾಚೆ ಗಾಡಿಯ ಚಾಲಕ ಬಂದು ನಿಂತದ್ದನ್ನು ನೋಡಿದರು. ಹಣೆಯ ಬೆವರು ಒರೆಸಿದರು. ನಾಲ್ಕನೆಯ ಪುಸ್ತಕಕ್ಕೆ ಅವರ ತಾಳ್ಮೆ ಮುಗಿಯಿತು.

"ಏನ್ರಮ್ಮ ಇದು, ಹೀಗೆ ಮಾಡಿದ್ರೆ ನಾಳೆಗೂ ಆಗಲ್ಲ. ಪದ್ಯ ಹೇಳ್ಕೊಂಡು ಮಾಡಿ."

"ಬೇಡಿ ಬಿಡಿ" ಎಂದಳು ದೊಡ್ಡಕ್ಕ, ಅಂಕಿಯಿಂದ ಕಣ್ಣು ತೆಗೆಯದೆ. "ಸ್ವಂತ ಸಂತೋಷಕ್ಕೆ ಯಾಕೆ ಹಾಡೋದು, ಕೆಲಸದ ವೇಳೆ."

"ಸಂತೋಷ ಅಲ್ಲಮ್ಮ, ಪದ್ಯ ಇಲ್ದೆ ಈ ಶೆಡ್ಡಲ್ಲಿ ಯಾವತ್ತು ಕೆಲಸ ಆಗಿದೆ? ನಾನೇ ಅಲ್ವಾ ಅವನಿಗೆ ಸ್ಟೂಲ್ ಹಾಕ್ಸಿ ಕೊಟ್ಟಿದ್ದು, ಮಿಷನ್ ಸದ್ದಿಗೆ ಕೇಳಲ್ಲ ಅಂತ..."

ಯಜಮಾನರು ನಾಲಿಗೆ ಕಚ್ಚಿಕೊಂಡರು. ತನಿಖೆಯವರ ಪೆನ್ನು ನಿಂತಿತು.

"ಬರ್ಕೊಳ್ಳಿ ಸಾರ್" ಎಂದಳು ದೊಡ್ಡಕ್ಕ. "ಚೆನ್ನಾಗಿ ಹೇಳಿದ್ರು."

ತನಿಖೆಯವರು ಬರೆದುಕೊಂಡರು. ಆದರೂ ತಲೆ ಅಲ್ಲಾಡಿಸಿದರು. "ಯಜಮಾನ್ರಿಗೆ ಗೊತ್ತಿತ್ತು ಅಂತಾನೇ ಇಟ್ಕೊಳ್ಳಿ. ನಿಯಮದಲ್ಲಿ ಜಾಗ ಬೇಕಲ್ಲ. ಹಾಡಿಗೆ ಇಲ್ಲ ಅಂತಿದೆ, ಮುಗೀತು."

"ಮುಗಿದಿಲ್ಲ ಸಾರ್" ಎಂದೆ.

ನನ್ನ ದನಿ ಕೇಳಿ ತನಿಖೆಯವರಿಗಿಂತ ಹೆಚ್ಚು ಬೆಚ್ಚಿದವರು ಯಜಮಾನರು. ಹನ್ನೊಂದು ವರ್ಷದಲ್ಲಿ ಅವರು ನನ್ನ ದನಿಯನ್ನು ಸಂಬಳದ ದಿನ ಬಿಟ್ಟು ಕೇಳಿರಲಿಲ್ಲ.

"ನೀವು 'ಆದರೆ' ಅಂದ್ರಿ. ಆದರೆ ಅಂತ ಶುರು ಮಾಡಿ ಯಾರಾದ್ರೂ ಸುಮ್ಮನಾಗ್ತಾರಾ? ಮುಂದೆ ಓದಿ."

ಅವರು ಪುಸ್ತಕ ಬಿಚ್ಚಿ ಓದಿದರು. "ಆದರೆ... ಕಣ್ಣಿಗೆ ಧೂಳು ಬಿದ್ದಲ್ಲಿ ಕೂಡಲೇ ಶುದ್ಧ ನೀರಿನಿಂದ..." ನಿಲ್ಲಿಸಿದರು. "ಇದೇನೋ ಸಂಬಂಧವೇ ಇಲ್ವಲ್ಲ."

"ಪುಟ ಎಷ್ಟು ಸಾರ್?"

"ಅರವತ್ತೈದು."

"ಅದಕ್ಕೆ ಮುಂಚಿನದು?"

"ಎಂಬತ್ತು" ಎಂದರು. ಹೇಳಿದ ಮೇಲೆ ಅವರಿಗೇ ಕೇಳಿಸಿತು. ಬೆರಳು ನೆಕ್ಕಿ ಸರಸರನೆ ಮಗುಚಿದರು. ಅರವತ್ತೈದರಿಂದ ಮತ್ತೆ ಎಂಬತ್ತು, ಅಲ್ಲಿಂದ ಒಂದೇ ನೆಗೆತಕ್ಕೆ ತೊಂಬತ್ತೇಳು.

"ನಿಮ್ಮ ಆಫೀಸಲ್ಲಿ ಎಂಬತ್ತಾದ ಮೇಲೆ ಅರವತ್ತೈದು ಬರತ್ತಾ ಸಾರ್?" ಎಂದಳು ಸೊಸೆ. "ನಮ್ಮ ಅತ್ತೆಗೆ ಒಂದು ಅರ್ಜಿ ಕೊಡಿಸ್ಬೇಕಿತ್ತು."

ನಾನು ಹೋಗಿ ಗೋಣಿಚೀಲವನ್ನೇ ಹೊತ್ತು ತಂದು ಅವರ ಮುಂದೆ ಇಟ್ಟೆ. ಆ ದಿನ ಏನಾಯಿತೆಂದು ಹೇಳಿದೆ. ಯಾವ ಸಾಲಿಗೆ ಬಿದ್ದರು, ಯಾವ ಸಾಲು ನಮ್ಮ ಬಾಯಿಗೆ ಬರಲಿಲ್ಲ, ಯಾವ ಫಾರಂ ಎರಡು ಸಲ ಕೂತಿತು, ಎಲ್ಲ. ತನಿಖೆಯವರು ಆರನೆಯ ಫಾರಂ ಬಿಡಿಸಿ ಎಂಬತ್ತೊಂದನೆಯ ಪುಟ ಓದಿದರು. ಈಗ ಅವರ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

"...ಅಂಥ ಚಟುವಟಿಕೆಯು ಕೆಲಸದ ಓಟಕ್ಕೆ ನೆರವಾಗುವ ರೂಢಿಯಾಗಿದ್ದು, ಮಾಲೀಕನಿಗೆ ಅದು ತಿಳಿದಿದ್ದು, ಆತನು ತಡೆಯದೆ ನಡೆಸಿಕೊಂಡು ಬಂದಿದ್ದಲ್ಲಿ, ಅದನ್ನು ವಹಿಸಿದ ಕೆಲಸವೆಂದೇ ಪರಿಗಣಿಸತಕ್ಕದ್ದು."

ಕಟಿಂಗ್ ಮಿಷನ್ನಿನವನೂ ಮಿಷನ್ ನಿಲ್ಲಿಸಿ ಕೇಳುತ್ತಿದ್ದ. ಯಜಮಾನರ ಮುಖ ಹುಳ್ಳಗಾಗಿತ್ತು.

"ಮಾಲೀಕರಿಗೆ ತಿಳಿದಿತ್ತು ಅನ್ನೋದು ಬರ್ಕೊಂಡಾಗಿದೆ" ಎಂದರು ತನಿಖೆಯವರು ನಿಧಾನವಾಗಿ. "ಕೆಲಸಕ್ಕೆ ನೆರವಾಗತ್ತೆ ಅನ್ನೋದಕ್ಕೆ ಏನಾದ್ರೂ ಸಾಕ್ಷಿ..."

"ನಿಮ್ಮ ಕೈಯಲ್ಲೇ ಇದೆಯಲ್ಲ ಸಾರ್" ಎಂದಳು ದೊಡ್ಡಕ್ಕ. "ಒಂದೇ ಒಂದು ಸಾಲು ಹೇಳಲಿಲ್ಲ. ನಿಮ್ಮ ಪುಸ್ತಕ ಹೇಗೆ ಬಂತು ನೋಡಿ."

ತನಿಖೆಯವರು ಕೈಯಲ್ಲಿದ್ದ ನೀಲಿ ಪುಸ್ತಕವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ಅವರಿಗೆ ಬೇರೇನೋ ಹೊಳೆದಿರಬೇಕು. ಬಣ್ಣ ಇಳಿಯಿತು. "ಇಂಥವು ನಲವತ್ತೆರಡು ಅಂದ್ರಾ?"

"ನಲವತ್ತೆರಡು."

"ಕೊನೇ ಗಾಡೀಲಿ ಬಂದದ್ದು ನಮ್ಮ ಆಫೀಸಿಗೇ. ಎರಡು ತಿಂಗಳಿಂದ ನಾವೆಲ್ಲ ಇದನ್ನೇ ಓದ್ತಿದೀವಿ" ಎಂದರು. ಹಾಗೆ 'ಆದರೆ'ಯ ಹತ್ತಿರ ನಿಂತುಹೋದ ಅರ್ಜಿಗಳು ಎಷ್ಟಿದ್ದವೋ, ಅವರ ತುಟಿ ಒಂದೊಂದನ್ನೂ ನೆನೆಸಿಕೊಳ್ಳುತ್ತಿತ್ತು. "ಅವನ್ನೆಲ್ಲ ಮತ್ತೆ ತೆಗೀಬೇಕು. ಮೊದಲು ಪುಸ್ತಕಗಳನ್ನ ವಾಪಸ್ ಕಳಿಸ್ತೀನಿ, ಬೇಗ ಸರಿಮಾಡಿ ಕೊಡ್ತೀರಾ?"

"ಅದಕ್ಕೇನು. ಪದ್ಯ ಹೇಳೋರು ಬರ್ಬೇಕಷ್ಟೆ" ಎಂದಳು ದೊಡ್ಡಕ್ಕ. "ಕಾಲು ಸರಿಯಾಗ್ಲಿ, ಬರ್ತಾರೆ."

ಅಷ್ಟರಲ್ಲಿ ಯಜಮಾನರಿಗೆ ದನಿ ಮರಳಿತು. "ಆ ನಲವತ್ತೆರಡರ ನಷ್ಟ ನಿಮ್ಮ ಸಂಬಳದಲ್ಲಿ ಹಿಡಿದೇ ಹಿಡೀತೀನಿ, ನೋಡ್ತಿರಿ" ಎಂದರು ನನ್ನ ಕಡೆ ತಿರುಗಿ. ನಾನು ತಲೆ ತಗ್ಗಿಸಿದೆ. ತನಿಖೆಯವರು ಅದೇ ಫಾರಮಿನಲ್ಲಿ ಇನ್ನಷ್ಟು ಪುಟ ಮಗುಚಿ, ತೊಂಬತ್ತೊಂದನೆಯ ಪುಟದಲ್ಲಿ ಬೆರಳಿಟ್ಟು ಓದಿದರು. "ಪರಿಹಾರದ ವಿಚಾರಣೆಯಲ್ಲಿ ಸತ್ಯವನ್ನು ನುಡಿದ ನೌಕರನ ವೇತನದಲ್ಲಿ ಮಾಲೀಕನು ಆ ಕಾರಣಕ್ಕಾಗಿ ಏನನ್ನೂ ಕಡಿತ ಮಾಡತಕ್ಕದ್ದಲ್ಲ." ಓದಿ ತಲೆಯೆತ್ತಿ, "ಈ ಫಾರಂ ಬಹಳ ಒಳ್ಳೆ ಫಾರಂ ಅಮ್ಮ" ಎಂದರು. ಅವರು ತಮಾಷೆ ಮಾಡಿದ್ದು ಅಂದೇ ಮೊದಲು ಅನ್ನಿಸುತ್ತದೆ, ಮಾಡಿದ ಮೇಲೆ ಅವರೇ ನಾಚಿಕೊಂಡರು.

ಆಪರೇಷನ್ ಗಡುವಿನೊಳಗೇ ಆಯಿತು. ಮಾವ ಬೆಳಿಗ್ಗೆಯ ಬಿಸಿಲಲ್ಲಿ ಊರುಗೋಲು ಹಿಡಿದು ಒಳಗೆ ಬಂದ ದಿನ ಅವರ ಎರಡೂ ಪಾದ ಬಾಗಿಲ ಕಡೆಯಿಂದ ಮೇಜಿನ ಕಡೆಗೆ ನೆಟ್ಟಗೆ ನೋಡುತ್ತಿದ್ದವು. ಸ್ಟೂಲು ಇರಲಿಲ್ಲ. ಅದರ ಜಾಗದಲ್ಲಿ ತೋಳಿರುವ, ಬೆನ್ನಿರುವ, ನಾಲ್ಕೂ ಕಾಲು ಸಮವಿರುವ ಎತ್ತರದ ಕುರ್ಚಿ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಯಜಮಾನರೇ ಕೈಯಾರೆ ಸೇರಿಸಿದ್ದರು, 'ಮತ್ತು ಪದ್ಯ'.

ಮೊದಲ ಕೆಲಸವೇ ನೀಲಿ ಪುಸ್ತಕ. ಹೊಲಿಗೆ ಬಿಚ್ಚಿದ ನಲವತ್ತೆರಡು ಪ್ರತಿ ಮೇಜಿನ ತುಂಬ ಹರಡಿತ್ತು. ಮಾವ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿ, ಎರಡೆರಡು ಐದನೆಯ ಫಾರಂ ಇರುವುದನ್ನೂ ಆರನೆಯದು ಇಲ್ಲದಿರುವುದನ್ನೂ ನೋಡಿದರು. ನಾವು ಆರೂ ಜನ ಕೈಬೆರಳು ನೋಡಿಕೊಂಡು ಕೂತೆವು.

"ಸಾಲು ಮುಗಿಸಿದ್ವಿ ಅಂದ್ಯಲ್ಲೇ" ಎಂದರು ದೊಡ್ಡಕ್ಕನಿಗೆ.

"ನಿನಗೆ ಉಳಿಸಿದ್ವಿ ಅಣ್ಣಾ."

ಮಾವ ಕುರ್ಚಿಯ ತೋಳನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡರು. ಬಲಗೈಯೊಂದನ್ನೇ ಮೇಲೆತ್ತಿದರು. ಐದು ಸಾಲು ಹೇಳಿ ಉಸಿರು ತುಂಬಿಕೊಂಡರು. ಕಟಿಂಗ್ ಮಿಷನ್ನಿನವನು ತಾನಾಗಿಯೇ ಮಿಷನ್ ನಿಲ್ಲಿಸಿದ. ನಮ್ಮ ಆರು ಜನರ ಕೈಯೂ ಆರನೆಯ ರಾಶಿಯ ಮೇಲಿತ್ತು, ಆರು ಜೊತೆ ಕಣ್ಣೂ ಕುರ್ಚಿಯ ಕಾಲಿನ ಮೇಲಿತ್ತು.

"ಎಡವಿ ಬಿದ್ದರು" ಎಂದರು ಮಾವ. ನಿಲ್ಲಿಸಿದರು. ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದರು, ತುಂಟ ಮುದುಕ. ಆಮೇಲೆ ಉಳಿದ ಸಾಲನ್ನು ಉಸಿರಿರುವವರೆಗೂ ಎಳೆದು ಹೇಳಿದರು. ನಾನು ಫಾರಮನ್ನು ಎದೆಯ ಮಟ್ಟಕ್ಕೆ ತಂದು, ಅದರ ಜಾಗದಲ್ಲಿ ಇಟ್ಟೆ.